ದಾರಿ ಹೇಳುವವರ ಸೀಟು

ಒಂದು ಜಿಪಿಎಸ್ ಡಬ್ಬಿ ಕೊಳ್ಳುವುದಕ್ಕೆ ಇಬ್ಬರು ಗಂಡಸರು ಇಷ್ಟು ಮಾತಾಡಬಹುದು ಎಂದು ನಿಖಾತ್‌ಗೆ ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನೊಂದು ಸಲ ಯೋಚಿಸುತ್ತಿದ್ದಳೇನೋ.

ಅವಳ ಗಂಡ ಓವೈಸ್ ಏನು ಸಾಮಾನ್ಯದವನೇ? ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಹಿಡಿ ರೇಷ್ಮೆಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸಿದನೆಂದರೆ ಮುಗಿಯಿತು, ಬೇಕೋ ಬೇಡವೋ ಅಲ್ಲೇ ತೀರ್ಮಾನ. ಅದೇ ಮನುಷ್ಯ ರಂಜಾನ್ ಮುಗಿದಾಗಿನಿಂದ ತಮ್ಮ ಆಫ್ತಾಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಗಳ ವಿಡಿಯೋ ನೋಡುತ್ತಿದ್ದ. ಅಣ್ಣನಿಗೆ ಬ್ಯಾಟರಿ ಬಾಳಬೇಕು, ತಮ್ಮನಿಗೆ ಪರದೆ ದೊಡ್ಡದಿರಬೇಕು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಚಹಾ ಮಾಡಿ ಮಾಡಿ ಇವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಹಳೆಯ ಜೀಪೊಂದನ್ನು ಕೊಂಡಾಗಿನಿಂದ ಮನೆಯಲ್ಲಿ ಈ ಹುಚ್ಚು. ಭಾನುವಾರ ಬಂತೆಂದರೆ ಜೀಪಿನ ಕ್ಲಬ್ಬಿನವರ ಜೊತೆ ಕಲ್ಲುಮುಳ್ಳಿನ ಜಾಡು ಹಿಡಿದು ಹೊರಡಬೇಕು. ಒಮ್ಮೆ ಕಲ್ಯ ಎಂಬ ಹಳ್ಳಿಯ ಆಚೆ ಫೋನಿನ ನೆಟ್‌ವರ್ಕ್ ಕೈಕೊಟ್ಟು, ಓವೈಸ್ ಜೀಪನ್ನು ಯಾರದೋ ರಾಗಿ ಹೊಲಕ್ಕೆ ನುಗ್ಗಿಸಿದ. ಹಿಂದಿನ ಸೀಟಿನಲ್ಲಿದ್ದ ನಿಖಾತ್ ಬಂದ ದಾರಿಯ ಒಂದೊಂದು ತಿರುವನ್ನೂ ನೆನಪಿಟ್ಟಿದ್ದಳು. ಹುಣಸೆಮರ, ಪಾಳುಬಾವಿ, ನೀಲಿ ಗೇಟು ಎಂದು ಹೇಳಿ ಹೇಳಿ ಎಲ್ಲರನ್ನೂ ಟಾರು ರಸ್ತೆಗೆ ತಂದಳು. ಆವತ್ತು ಓವೈಸ್ ಕ್ಲಬ್ಬಿನವರ ಎದುರೇ ಅಂದಿದ್ದ, "ಇನ್ಮೇಲೆ ಮುಂದಿನ ಸೀಟು ನಿಂದೇ ಕಣೆ. ದಾರಿ ಹೇಳೋಳು ನೀನೇ."

ಮದುವೆಯಾದಂದಿನಿಂದ ಮನೆ, ಮನೆಯ ಹಿಂದಿನ ನೂಲು ಬಿಚ್ಚುವ ಶೆಡ್ಡು, ಇವೆರಡರ ನಡುವೆಯೇ ಓಡಾಡಿದವಳಿಗೆ ಆ ಸೀಟು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳಿಬಿಡುವುದೇ ಒಳ್ಳೆಯದು. ಅವಳಿಗೆ ಅದು ಬೇಕಿತ್ತು, ಬಹಳ ಬೇಕಿತ್ತು.

ಬರುವ ಭಾನುವಾರ ಕನಕಪುರದ ಆಚೆ ಹೋಗುವುದಿತ್ತು. ಅಲ್ಲಿ ಫೋನು ಇದ್ದೂ ಇಲ್ಲದ ಹಾಗೆ. ಪ್ರತಿ ಜೀಪಿನಲ್ಲೂ ಜಿಪಿಎಸ್ ಇರಲೇಬೇಕು, ಅದನ್ನು ನಡೆಸುವವರೇ ಮುಂದೆ ಕೂರಬೇಕು ಎಂದು ಕ್ಲಬ್ಬಿನ ಕಟ್ಟಪ್ಪಣೆಯಾಗಿತ್ತು.

"ಗುಂಡಿ ಒತ್ತೋದು ತಗೊಳ್ರೀ," ಎಂದಳು ನಿಖಾತ್ ಊಟ ಬಡಿಸುತ್ತಾ. "ಮುಟ್ಟೋ ಪರದೆ ನನ್ ಬೆರಳಿಗೆ..."

"ಒಸಿ ಇರಿ ಭಾಬಿ, ಇದ್ರಲ್ಲಿ ಸ್ಯಾಟಲೈಟು ಜಾಸ್ತಿ ಐತೆ," ಎಂದು ಆಫ್ತಾಬ್ ನಡುವೆ ಬಾಯಿ ಹಾಕಿದ.

ಮರುದಿನ ಮತ್ತೆ ಹೇಳಿದಳು. ಓವೈಸ್ "ಹೂಂ, ಹೂಂ" ಎಂದ, ಕಣ್ಣು ಫೋನಿನ ಮೇಲೆಯೇ. ಇವನಿಗಿಂತ ಗೋಡೆ ವಾಸಿ ಎನ್ನಿಸಿತು ಅವಳಿಗೆ.

ವರ್ಷಗಟ್ಟಲೆ ಶೆಡ್ಡಿನಲ್ಲಿ ಗೂಡು ಬೇಯುವ ಬೇಸಿನ್ನಿನ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಜಡ್ಡುಗಟ್ಟಿದ್ದವು, ಗೆರೆಗಳು ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಮಗಳು ಅಸ್ರಾಳನ್ನು ಕರೆದುಕೊಂಡು ಹೋಗಿ ಅವಳ ಕೈಲಿ ಒತ್ತಿಸಬೇಕು. ಟಚ್ ಫೋನು ಹತ್ತು ಸಲ ಒತ್ತಿದರೆ ಒಂದು ಸಲ ಮಾತು ಕೇಳುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಇದು. ಗೊತ್ತಿದ್ದೂ ಯಾರಿಗೂ ನೆನಪಿರುತ್ತಿರಲಿಲ್ಲ.

ಶುಕ್ರವಾರದ ನಮಾಜಾದ ಮೇಲೆ ಮೂವರೂ ನಟರಾಜುವಿನ ಅಂಗಡಿಗೆ ಹೋದರು. ಬೈರಾಪಟ್ಟಣದ ನಟರಾಜು ರಾಮನಗರದಲ್ಲಿ ಜೀಪಿನ ಸಾಮಾನು ಮಾರುವವನು, ಕ್ಲಬ್ಬಿನವರಿಗಾಗಿ ಈ ಡಬ್ಬಿಗಳನ್ನೂ ತರಿಸಿಟ್ಟಿದ್ದ. ಅಲ್ಲೂ ಅದೇ ರಾಗ, ಅದೇ ಹಾಡು. ಕೊನೆಗೆ ಅಣ್ಣತಮ್ಮಂದಿರು ಹೇಗೋ ಒಂದಕ್ಕೆ ಒಪ್ಪಿದರು. ಅಂಗೈಗಿಂತ ದೊಡ್ಡ ಪರದೆ, ಹುಡುಕಿದರೂ ಒಂದು ಗುಂಡಿ ಇಲ್ಲ.

"ಒಳ್ಳೆ ಮಾಲೇ ಹಿಡಿದ್ರಿ ಬುಡಿ ಭಾಯ್," ಎಂದ ನಟರಾಜು.

"ನಾನೊಂದ್ಸಲ ಒತ್ತಿ ನೋಡ್ತೀನಿ, ಕೊಡಣ್ಣ," ಎಂದಳು ನಿಖಾತ್.

ಒತ್ತಿದಳು. ಪರದೆ ಮಿಸುಕಲಿಲ್ಲ. ನಟರಾಜು ಅದನ್ನು ಬಟ್ಟೆಯಿಂದ ಒರೆಸಿ ಕೊಟ್ಟು, "ಕೈ ಒಸಿ ಒರೆಸ್ಕಂಡು ಒತ್ತಿ ಅಕ್ಕಾ" ಎಂದ. ದುಪ್ಪಟ್ಟಾಗೆ ಒರೆಸಿಕೊಂಡು ಒತ್ತಿದಳು. ಊಹೂಂ. ಆಫ್ತಾಬ್ ಪಕ್ಕದಿಂದ ಕೈಚಾಚಿ ಒಂದು ಬೆರಳು ತಾಗಿಸಿದ; ನಕ್ಷೆ ತಟ್ಟನೆ ತೆರೆದುಕೊಂಡಿತು.

"ಹೋಗ್ಲಿ ಬುಡಿ ಭಾಬಿ, ಮುಂದೆ ನಾನ್ ಕೂತ್ಕಂಡು ಒತ್ತುತೀನಿ. ನೀವು ಹಿಂದೆ ಬಿರಿಯಾನಿ ಡಬ್ಬಿ ನೋಡ್ಕಳಿ," ಎಂದು ನಕ್ಕ.

ಓವೈಸನೂ ತಲೆಯಾಡಿಸಿದ. "ಅದೇ ಸರಿ. ಯಾರ್ ಒತ್ತಿದ್ರೂ ದಾರಿ ಒಂದೇ ತಾನೇ?"

ನಿಖಾತ್‌ಗೆ ಮೈಯೆಲ್ಲ ಉರಿದುಹೋಯಿತು.

"ಆಗ್ಲಿ, ಆಫ್ತಾಬೇ ಮುಂದೆ ಕೂತ್ಕಳ್ಲಿ," ಎಂದಳು. "ಸೋಮವಾರದಿಂದ ಬೇಸಿನ್ ಹತ್ರಾನೂ ಅವನೇ ನಿಂತ್ಕಳ್ಲಿ. ಯಾರ್ ಎಳೆ ತೆಗೆದ್ರೂ ನೂಲು ಒಂದೇ ತಾನೇ?"

ಆಫ್ತಾಬನ ನಗು ಅಲ್ಲೇ ನಿಂತಿತು.

"ಅಂಗಡೀಲಿ ಇದೆಲ್ಲಾ ಯಾಕೆ ನಿಖಾತ್..." ಎಂದ ಓವೈಸ್.

"ಮನೇಲಿ ಹೇಳಿದ್ನಲ್ಲ, ಕೇಳಿದ್ರಾ? ಈ ಬೆರಳು ಹೆಂಗೆ ಹಿಂಗಾಯ್ತು ಅಂತ ನಟರಾಜಣ್ಣಂಗೆ ನೀವೇ ಹೇಳಿ. ಹೇಳ್ರೀ."

ಓವೈಸ್ ಅಂಗಡಿಯ ಗಾಜಿನ ಮೇಜಿನ ಮೇಲಿದ್ದ ಹೆಂಡತಿಯ ಕೈ ನೋಡಿದ. ಪಕ್ಕದಲ್ಲೇ ಅವನ ಕೈಯೂ ಇತ್ತು, ಬೆರಳ ಗೆರೆಗಳು ಒಂದೂ ಅಳಿಯದೆ ಇದ್ದವು. ಮೆಲ್ಲಗೆ ಆ ಕೈಯನ್ನು ಜೇಬಿಗೆ ಇಳಿಸಿಕೊಂಡ.

"ನಟರಾಜು, ಗುಂಡಿ ಇರೋದು ಯಾವ್ದಾದ್ರೂ ಐತಾ?"

ನಟರಾಜು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದನ್ನು ತೆಗೆದ. ಸೋಪಿನ ಬಿಲ್ಲೆಯಷ್ಟು ದಪ್ಪ, ಬೆಂಕಿಪೊಟ್ಟಣದಷ್ಟು ಪರದೆ. ನಿಖಾತ್ ಒತ್ತಿದಳು. ಕಟಕ್ ಎಂದು ದೀಪ ಹತ್ತಿತು. ಇನ್ನೊಂದು ಗುಂಡಿ ಒತ್ತಿದಳು, ಅದೂ ಕೇಳಿತು. ತನ್ನ ಮಾತು ಕೇಳುವ ಒಂದು ವಸ್ತುವಾದರೂ ಆ ಮನೆಗೆ ಬರುತ್ತಿದೆಯಲ್ಲ ಎಂದುಕೊಂಡಳು.

"ಇಷ್ಟು ಚಿಕ್ಕದ್ರಲ್ಲಿ ಏನ್ ಕಾಣುತ್ತೆ ಭಾಬಿ?" ಆಫ್ತಾಬನಿಗೆ ಇನ್ನೂ ಆಸೆ.

"ಬಿಸಿನೀರಲ್ಲಿ ರೇಷ್ಮೆ ಎಳೆ ಕಾಣೋಳಿಗೆ ಇದು ಕಾಣಲ್ವೇನಪ್ಪಾ? ಸುಮ್ನಿರು."

ಹೊರಗೆ ಬಂದಾಗ ಆಫ್ತಾಬ್ ಯಾರೂ ಹೇಳದೆಯೇ ಹಿಂದೆ ಹತ್ತಿದ. ನಿಖಾತ್ ಮುಂದೆ ಕೂತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಓವೈಸ್ ಇಂಜಿನ್ ಚಾಲೂ ಮಾಡಿ ಅವಳ ಕಡೆ ತಿರುಗಿದ. ಹುಟ್ಟಿದಾಗಿನಿಂದ ಇದೇ ಬೀದಿಗಳಲ್ಲಿ ತಿರುಗಿದವನು, ಕಣ್ಣು ಕಟ್ಟಿದರೂ ಮನೆ ಸೇರುವವನು, ತಗ್ಗಿದ ದನಿಯಲ್ಲಿ ಕೇಳಿದ:

"ಯಾವ್ ಕಡೆ ಹೋಗ್ಲಿ?"

ಅವಳು ಗುಂಡಿಯೊಂದನ್ನು ಒತ್ತಿ ಪುಟ್ಟ ಪರದೆ ನೋಡಿದಳು.

"ಎಡಕ್ಕೆ," ಎಂದಳು.

ಜೀಪು ಗುರುಗುಟ್ಟಿತು, ಮುಂದಕ್ಕೆ ಮಾತ್ರ ಹೋಗಲಿಲ್ಲ.

"ಮೊದ್ಲು ಹ್ಯಾಂಡ್‌ಬ್ರೇಕ್ ಬುಡ್ರೀ."