ಮೈನೋವಿನ ಮದ್ದು

"ಬಾಯಿ ಊದು! ಊದು ಅಂದ್ನಿ!"

ಮಾಲಾಳ ಗಲ್ಲ ಹಿಡಿದು ಎಳೆದೆ. ಇಪ್ಪತ್ತೊಂದು ವರ್ಷದ ಮಗಳು ನನ್ನ ಕೈ ಕೊಡವಿದಳು.

"ಹಾಂ, ಪೀ ಥೀ! ಕುಡ್ದಿದ್ನಿ. ಬಸ್ ಕರ್, ಸಾಕ ಮಾಡ, ಅವ್ವಾ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ಓಟ ಐತಿ ಅಂತ ನಿನ್ನಿ ಬಾಟ್ಲಿ ಮುಚ್ಚಿಟ್ಟಿದ್ನಲ್ಲ? ಎಲ್ಲಿಂದ ತಂದಿ?"

"ರಾತ್ರಿ ಅಂಗಡಿಗಿ ಹೋಗಿ ತಂದ್ನಿ."

ಆ ದಿನ ಬೆಳಿಗ್ಗೆ ಠಾಣೆ ಶಹರದಲ್ಲಿ ಪೊಲೀಸ್ ಭರ್ತಿಯ ಓಟವಿತ್ತು. ಎಂಟುನೂರು ಮೀಟರ್. ಎರಡು ವರ್ಷದಿಂದ ಅದಕ್ಕೇ ಕಾದಿದ್ದೆವು. ಕೊನೆಯ ಸುತ್ತಿನಲ್ಲಿ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟಳಂತೆ. ಸರಕಾರಿ ನೌಕರಿ ಹೋಯಿತು. ಮುಂದಿನ ಭರ್ತಿ ಯಾವಾಗಲೋ.

"ಯಾರ ಕಲಿಸಿದ್ರ ನಿನಗಿದನ್ನ? ಮೈದಾನದ ಗೆಳತ್ಯಾರೇನು?"

ಅವಳು ನಕ್ಕಳು. "ತೂಚ್. ನೀನೇ."

ಸುಳ್ಳಲ್ಲ. ಊರು ಬಿಟ್ಟು ಕಲ್ಯಾಣದ ಪಕ್ಕದ ಈ ಶಹಾಡಿಗೆ ಬಂದಾಗಿನಿಂದ ಇಪ್ಪತ್ತು ವರ್ಷ ತಲೆಯ ಮೇಲೆ ಸಿಮೆಂಟು ಹೊತ್ತಿದ್ದೇನೆ. ಸಂಜೆ ಅರ್ಧ ಲೋಟ ದಾರು ಇಳಿಯದಿದ್ದರೆ ಬೆಳಿಗ್ಗೆ ಮೈ ಏಳುವುದಿಲ್ಲ. ನಮ್ಮ ಕೆಲಸದ ಹೆಂಗಸರೆಲ್ಲ ಹೀಗೆಯೇ. ಓಡಲು ಶುರು ಮಾಡಿದ ಹೊಸದರಲ್ಲಿ ಮಗಳು ಕಾಲುನೋವೆಂದು ಅತ್ತಾಗ ಸ್ವಲ್ಪ ಕಾಲಿಗೆ ತಿಕ್ಕಿದೆ, ಸ್ವಲ್ಪ ಬಾಯಿಗೆ ಹಾಕಿದೆ. ಸತ್ತ ಹಾಗೆ ನಿದ್ದೆ ಹೋದಳು. ಆಮೇಲೆ ದಿನಾ ಕೊಟ್ಟೆ.

ಓಟ ಕಲಿಸುವ ಮುರಾರಿ ಸರ್, ಮಂಗಳೂರು ಕಡೆಯವರು, ದೀಪಾವಳಿ ಹೊತ್ತಿಗೆ ಮನೆಗೇ ಬಂದಿದ್ದರು. "ನೋಡಿ ಅಮ್ಮ, ಕುಡಿದು ಮಲಗಿದ್ರೆ ಅದು ನಿದ್ದೆಯೇ ಅಲ್ಲ. ಓಡಿ ದಣಿದ ಮೈ ರಾತ್ರಿ ಸರಿ ಆಗ್ಬೇಕು, ದಾರು ಅದಕ್ಕೆ ಬಿಡುದಿಲ್ಲ. ಮೈಯ ನೀರೂ ಹೋಗ್ತದೆ. ತಿಂಗಳಿಂದ ತಿಂಗಳಿಗೆ ಇವಳ ಓಟ ನಿಧಾನ ಆಗ್ತಾ ಉಂಟು."

"ನಾ ಕುಡ್ದ ಹತ್ತ ಮಾಳಿಗಿ ಹತ್ತೀನ್ರಿ ಸಾಹೇಬ್ರ. ನನಗ ಮೈಯ ಪಾಠ ಹೇಳಬ್ಯಾಡ್ರಿ" ಎಂದು ಬಾಗಿಲು ತೋರಿಸಿದ್ದೆ.

ಅದನ್ನೇ ಈಗ ಮಾಲಾ ತೆಗೆದಳು. "ಸರ್ ಹೇಳಿದ ಮ್ಯಾಲ ಬಿಟ್ಟಿದ್ನಿ, ಅವ್ವಾ. ಎಂಟ ದಿನ. ಝೋಪ್‌ಚ್ ನಾಹೀ ಆಲೀ, ನಿದ್ದೀನ ಬರಲಿಲ್ಲ. ಕೈ ನಡಗ್ತಿದ್ವು. ಆವಾಗ ನೀ ಏನ್ ಮಾಡ್ದಿ?"

ನಾನು ಮತ್ತೆ ಲೋಟ ಕೊಟ್ಟಿದ್ದೆ.

ಮಾತಾಡುತ್ತಲೇ ಅವಳ ಕೈ ನಡುಗತೊಡಗಿತು. ನೀರಿನ ಚೊಂಬು ಹಿಡಿಯಲು ಹೋಗಿ ಚೆಲ್ಲಿದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಹೆತ್ತ ಕರುಳು, ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ. ಅಕ್ಕಿ ಡಬ್ಬಿಯಿಂದ ಬಾಟಲಿ ತೆಗೆದು, ಸುರಿದು, ಮುಂದೆ ಹಿಡಿದೆ.

"ಕುಡಿ. ನಿಲ್ತೈತಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಿಂತಲ್ಲೇ ಕುಡಿದಳು. ಇನ್ನೊಂದು ಲೋಟ ತಾನೇ ಸುರಿದುಕೊಂಡಳು.

ನಡುಕ ನಿಂತ ಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗಿ?" ಎಂದು ಚೀರಿದೆ.

"ಸ್ಟೇಷನ್."

ಅವಳು ಕಲ್ಯಾಣದಲ್ಲಿ ಬದಲಾಪುರದ ಲೋಕಲ್ ರೈಲು ಹತ್ತಿದ್ದನ್ನು ಪಕ್ಕದ ಮನೆಯ ಸೈದಪ್ಪ ನೋಡಿದನಂತೆ. ಅದು ಮಾರ್ಚಿನ ಮಾತು. ಈಗ ಮಳೆಗಾಲ. ಬಂದಿಲ್ಲ.