ಸೋಮೇಶನ ಕತ್ತಿನ ಶಿವದಾರ

ಹುಟ್ಟಿದಾಗಲೇ ನನ್ನ ಮಗ ಸೋಮೇಶನ ಕತ್ತಿನ ಎಡಭಾಗದಲ್ಲಿ ಮೆತ್ತನೆಯ ಊತವಿತ್ತು. ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಜರುಗುತ್ತಿತ್ತು. ಕ್ಯಾನ್ಸರ್ ಅಲ್ಲ, ದುಗ್ಧರಸವೆಂಬ ಮೈನೀರು ತುಂಬಿದ ಗಂಟು, ಒಳಕ್ಕೆ ಇಂಜೆಕ್ಷನ್ ಕೊಟ್ಟು ಕುಗ್ಗಿಸಬಹುದು ಎಂದು ಚಾಮರಾಜನಗರದ ಡಾಕ್ಟರಮ್ಮ ಹೇಳಿದ್ದರು. ಯುಗಾದಿ ಕಳೆದ ಮೇಲೆ ಬರಲು ತಿಳಿಸಿ, "ಅಲ್ಲೀತನಕ ನೆಗಡಿ ಬಂದ್ರೆ ಇದು ದಿಢೀರಂತ ಊದ್ಕೊಳ್ಳತ್ತೆ. ಕತ್ತಿಗೆ ಏನೂ ಕಟ್ಟಬೇಡಿ" ಎಂದಿದ್ದರು.

ಕತ್ತಿನಲ್ಲಿ ಶಿವದಾರವಿತ್ತು. ನಾಮಕರಣಕ್ಕೆ ಮುಂಚೆಯೇ ನಮ್ಮ ಮನೆತನದ ಗುರುಗಳಾದ ಹರವೆಯ ಅಯ್ನೋರು ಬಂದು, ಬಟ್ಟೆಯಲ್ಲಿ ಸುತ್ತಿದ ಪುಟ್ಟ ಲಿಂಗವನ್ನು ಅದರಲ್ಲಿ ಕಟ್ಟಿದ್ದರು. ಬಿಚ್ಚುವ ಮಾತೆತ್ತಿದರೆ ಅತ್ತೆ ಚಿಕ್ಕಮಲ್ಲಮ್ಮ ಮಗುವನ್ನು ಎದೆಗೆ ಅವುಚಿಕೊಳ್ಳುತ್ತಿದ್ದರು.

"ಲಿಂಗ ಇಲ್ದೆ ಮಗೀನ ಒಂದ್ ಗಳಿಗೆ ಬುಡಾಕಾಯ್ತದಾ? ನಿಮ್ ಡಾಕ್ಟ್ರಮ್ಮ ನಾಳೆ ನಿನ್ ತಾಳಿನೂ ಬಿಚ್ಚು ಅಂತಾಳೆ ಕಣಮ್ಮಿ."

"ತೋಳಿಗೆ ಕಟ್ಟನ ಅತ್ತೆಮ್ಮ."

"ಅಯ್ನೋರು ಗುಂಡ್ಲುಪೇಟೆಗೆ ಓಗವ್ರೆ. ಬಂದು ಅವ್ರೇ ಬಿಚ್ಚಿ ಕಟ್ಟಲಿ."

ದಾರ ಸಡಿಲವಾಗಿಯೇ ಇತ್ತು. ಅಯ್ನೋರು ಬರುವತನಕ ಇರಲಿ ಎಂದು ಬಿಟ್ಟೆ.

ಸೋಮವಾರ ಮಗುವಿನ ಮೂಗು ಸೋರತೊಡಗಿತು. ಮರುದಿನ ಹಾಲು ಕುಡಿಯುತ್ತಾ ಬಾಯಿ ಬಿಟ್ಟು ಬಿಟ್ಟು ಉಸಿರೆಳೆದುಕೊಂಡ. ನಾನು ಮುದ್ದೆ ಕಟ್ಟುತ್ತಿದ್ದಾಗ ತೊಟ್ಟಿಲಿನಿಂದ ಗೊರಗೊರ ಸದ್ದು ಬಂತು. ಹೋಗಿ ನೋಡಿದರೆ ಊತ ಕೆನ್ನೆಯವರೆಗೆ ಏರಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಶಿವದಾರ ಕತ್ತಿನ ಮಡಿಕೆಯೊಳಗೆ ಹೂತು ಹೋಗಿತ್ತು.

ದಾರದ ಗಂಟು ಉಗುರಿಗೆ ಸಿಗಲಿಲ್ಲ. ಕತ್ತರಿ ತಂದೆ.

"ಬ್ಯಾಡ ಕಣಮ್ಮಿ! ಅಯ್ನೋರ್ಗೆ ಫೋನ್ ಮಾಡ್ತೀನಿ, ತಾಳು."

"ಮಾಡಿ ಅತ್ತೆಮ್ಮ. ಅಲ್ಲೀಗಂಟ ಇವ್ನು ಉಸ್ರಾಡ್ಬೇಕಲ್ಲ."

ಕತ್ತಿನ ಹಿಂದೆ ಬೆರಳು ತೂರಿಸಿ, ಬೆರಳಿನ ಮೇಲೆಯೇ ದಾರ ಕತ್ತರಿಸಿದೆ. ಲಿಂಗ ನೆಲಕ್ಕೆ ಬೀಳುವ ಮುನ್ನ ಅತ್ತೆ ಸೆರಗೊಡ್ಡಿ ಹಿಡಿದರು. ದಾರ ಹೋದರೂ ಸದ್ದು ಹೋಗಲಿಲ್ಲ.

ಗಂಡ ಪುಟ್ಟರಾಜು ಬೈಕಿನಲ್ಲಿ ನಮ್ಮನ್ನು ಚಾಮರಾಜನಗರದ ಆಸ್ಪತ್ರೆಗೆ ಒಯ್ದರು. ಸೋಂಕಾಗಿ ಗಂಟಿನೊಳಗೆ ರಕ್ತ ಸೋರಿದೆ, ಅದು ಶ್ವಾಸನಾಳವನ್ನು ಒತ್ತುತ್ತಿದೆ ಎಂದರು ಡಾಕ್ಟರಮ್ಮ. ಸೂಜಿಯಲ್ಲಿ ಕೆಂಪು ನೀರು ತೆಗೆದರು. ಜ್ವರ ಇಳಿದ ಮೇಲೆ, ಇವತ್ತು ಬೆಳಿಗ್ಗೆ, ಸ್ಕ್ಯಾನಿಂಗ್ ನೋಡುತ್ತಾ ಗಂಟಿನೊಳಕ್ಕೆ ಇಂಜೆಕ್ಷನ್ ಕೊಟ್ಟರು.

"ಇದು ಮೊದಲು ಊದಿಕೊಂಡು ಆಮೇಲೇ ಕುಗ್ಗೋದು. ಊದೋ ಹೊತ್ತಲ್ಲಿ ಉಸಿರು ಕಾಯಬೇಕು. ಸ್ವಲ್ಪ ಬದಲಾದ್ರೂ ಕೂಗಿ" ಎಂದು ಹೇಳಿ ಹೋದರು.

ಮಧ್ಯಾಹ್ನಕ್ಕೆ ಕತ್ತು ಮತ್ತೆ ತುಂಬಿಕೊಂಡಿತು. ಅತ್ತೆ ಮಂಚದ ಆ ಕಡೆ, ನಾನು ಈ ಕಡೆ. ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ಕೂತಿದ್ದೆ. ಅವನು ಅಳುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದ್ದ. ನಿದ್ದೆ ಬಂತು ಎಂದು ನೆಮ್ಮದಿಯಾಯಿತು.

ಅತ್ತೆಯ ತುಟಿಯ ಮೇಲಿನ ಜಪ ಥಟ್ಟನೆ ನಿಂತಿತು.

"ಅಮ್ಮಿ, ಇವ್ನ ಉಗುರ್ ನೋಡು. ಯಾಕಿಂಗ್ ನೀಲಿ ಆಗವೆ?"

ಅದು ನಿದ್ದೆಯಲ್ಲ, ಉಸಿರು ಸಾಲುತ್ತಿಲ್ಲ. ಸಿಸ್ಟರ್ ಎಂದು ಕೂಗುತ್ತಾ ನಾನು ಬಾಗಿಲಿಗೆ ಓಡಿದೆ.