ಒಟ್ಟಿಗೆ ತಿರುವಿದ ಎರಡು ಹಾಳೆ

"ತಾಯಿ, ಮಗಳು ಒಂದೇ ಸಾಲಿನಲ್ಲಿ ನಿಂತರು. ಮಗಳ ಕೈಯನ್ನು ತಾಯಿ ಬಿಡಲೇ ಇಲ್ಲ," ಎಂದು ಓದಿ ಲಕ್ಷ್ಮಮ್ಮ ಹಾಳೆ ತಿರುವಿದಳು.

ಬೊಮ್ಮಸಂದ್ರದ ಗಾರ್ಮೆಂಟ್ಸಿನ ಮಹಡಿಯ ಮೇಲೆ, ಶೀಟಿನ ನೆರಳಲ್ಲಿ, ಊಟದ ಹೊತ್ತಿನಲ್ಲಿ ದಿನಾ ಹತ್ತು ನಿಮಿಷ ಈ ಓದು. ಯುದ್ಧಕಾಲದಲ್ಲಿ ನಾಜಿಗಳು ಯೆಹೂದಿಗಳನ್ನು ಸಾಯಿಸಲೆಂದು ಕೂಡಿಹಾಕಿದ್ದ ಶಿಬಿರದ ಕಥೆ. ಬದುಕಿ ಬಂದವರು ಹೇಳಿದ್ದನ್ನು ಕೇಳಿ ಬರೆದ ಕಾದಂಬರಿ. ಟೈಲರ್ ಲಕ್ಷ್ಮಮ್ಮ ಮುಂದಿನ ಪುಟಗಳನ್ನು ಹಿಂದಿನ ದಿನವೇ ಮನೆಯಲ್ಲಿ ಓದಿಕೊಂಡಿದ್ದಳು.

"ಸಾಲಿನಾಗ ನಿಂತ್ರು, ಆಮ್ಯಾಲ?" ದುರ್ಗವ್ವ ಕೇಳಿದಳು.

"ಆಮೇಲೆ... ಇಬ್ರನ್ನೂ ಹೊಲಿಗೆ ಕೆಲಸಕ್ಕೆ ಹಾಕಿದ್ರಂತೆ."

"ಸದ್ಯ, ಮಗು ಉಳೀತು!" ಎಂದಳು ಪಕ್ಕದ ಮಿಷಿನ್ನಿನ ವೇಣಿ. "ಅಲ್ಲೂ ಗಂಟೆಗಿಷ್ಟು ಅಂತ ಟಾರ್ಗೆಟ್ ಇತ್ತೇನಕ್ಕ?"

ಎಲ್ಲರೂ ನಕ್ಕರು. ದುರ್ಗವ್ವ ನಗಲಿಲ್ಲ. ಅವಳು ಕೊಪ್ಪಳದ ಕಡೆಯವಳು. ಕಟಿಂಗ್ ಸೆಕ್ಷನ್ನಿನಲ್ಲಿ ಬಟ್ಟೆಯ ಪದರ ಬಿಡಿಸುವುದು ಅವಳ ಕೆಲಸ. ಉಳಿದವರು ಡಬ್ಬಿ ತೊಳೆಯಲು ಹೋದ ಮೇಲೆ ಪಕ್ಕಕ್ಕೆ ಬಂದು ಕೂತಳು.

"ಯಕ್ಕಾ, ಎರಡು ಹಾಳಿ ಕೂಡೇ ತಿರುವಿದಿ."

"ಅಂಟ್ಕೊಂಡಿದ್ವೇನೋ ಕಣೆ."

"ದಿನಾ ಸಾವಿರ ಪದರ ಬಿಡಸ್ತೀನಿ. ನನಗ ಹೇಳ್ತಿ?"

ಲಕ್ಷ್ಮಮ್ಮ ತಲೆ ತಗ್ಗಿಸಿದಳು. ಹೋದ ವರ್ಷ ದುರ್ಗವ್ವನ ನಾಲ್ಕು ವರ್ಷದ ಮಗಳು, ಕಟ್ಟುತ್ತಿದ್ದ ಮನೆಯೊಂದರ ನೀರಿನ ಸಂಪಿನೊಳಗೆ ಬಿದ್ದು ತೀರಿಕೊಂಡಿದ್ದಳು. ಅಂದಿನಿಂದ ಅವಳೆದುರು ಯಾರೂ ಮಕ್ಕಳ ಮಾತೆತ್ತುತ್ತಿರಲಿಲ್ಲ. ತನ್ನ ಮಗನ ಹುಟ್ಟುಹಬ್ಬದ ದಿನ ವೇಣಿ, ಯಾಕೆಂದು ಹೇಳದೆ ಅವಳ ಕೈಗೆ ಮೈಸೂರುಪಾಕು ಇಟ್ಟು ಹೋಗಿದ್ದಳು.

"ಆ ಕೂಸು ಉಳೀಲಿಲ್ಲ, ಹೌದಲ್ಲ?"

"ಹೂಂ."

"ತಾಯಿ?"

"ಅವ್ಳು ಬದುಕ್ತಾಳೆ."

ದುರ್ಗವ್ವ ಪುಸ್ತಕದತ್ತ ಬಾಗಿದಳು. "ಹ್ಯಾಂಗ ಬದುಕಿದ್ಲು ಅಂತ ಬರದಾರೇನು?"

"ನಾಲ್ಕು ಪುಟ ಬರ್ದವ್ರೆ. ನಿಂಗೆ ಬ್ಯಾಡ ಅಂತ ನಾನೇ..."

"ನನಗ ಅದ ಬೇಕಾಗೇತಿ, ಯಕ್ಕಾ. ಅನುಭವಿಸಿದಾಕಿನ ಬಾಯಿಬಿಟ್ಟು ಹೇಳ್ಯಾಳ. ನೀ ಯಾಕ ಮುಚ್ಚತಿ?"

ಬೆಲ್ಲಿಗೆ ಇನ್ನೂ ಐದು ನಿಮಿಷ ಇತ್ತು. ತೊಳೆದ ಡಬ್ಬಿ ಹಿಡಿದು ಬಂದ ವೇಣಿ ಏನೋ ಹೇಳಹೊರಟು, ಇಬ್ಬರ ಮುಖ ನೋಡಿ ಅಲ್ಲೇ ನಿಂತಳು. ಲಕ್ಷ್ಮಮ್ಮ ಹಾಳೆಗಳನ್ನು ಹಿಂದಕ್ಕೆ ತಿರುವಿ, ತಾಯಿ ಕೈ ಬಿಡದೆ ನಿಂತಿದ್ದ ಸಾಲಿನಿಂದ ಮತ್ತೆ ಓದತೊಡಗಿದಳು. ಹಾಳೆಯ ತುದಿಯ ಮೇಲೆ ದುರ್ಗವ್ವನ ಹೆಬ್ಬೆರಳು ಒತ್ತಿಕೊಂಡಿತ್ತು. ಒಂದು ಮುಗಿಯುವವರೆಗೆ ಇನ್ನೊಂದು ಮೇಲೇಳದಂತೆ.